ಮೈನಸ್ ಡಿಗ್ರಿ ಚಳಿಯಲ್ಲಿ ಕಾರು ತೊಳೆಯೋದು ಹೇಗೆ?: 'ರಿನ್ಸ್‌ಲೆಸ್ ವಾಶ್' ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಒಂದು ಕಾಲದಲ್ಲಿ ನಮ್ಮ ಯುವಕರು ವಿದೇಶ ಅಂದರೆ ಗಲ್ಫ್ ಅಂತಲೇ ತಿಳಿದಿದ್ದರು. ಈಗ ಮಂಗಳೂರು, ಉಳ್ಳಾಲ, ಮಂಜೇಶ್ವರ, ಕಾಸರಗೋಡು ಕಡೆಯಿಂದ ಕಲಿಯಲಿಕ್ಕೂ ಕೆಲಸಕ್ಕೂ ಕೆನಡಾ, ಬ್ರಿಟನ್, ಜರ್ಮನಿಗೆ ಹೋಗುವವರಿದ್ದಾರೆ. ಅಲ್ಲಿ ಹೋದವರು ಬಸ್ಸಿಗೆ ಕಾದು ಸಾಕಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆಯುತ್ತಾರೆ. ಚಳಿಗಾಲ ಬಂತೆಂದರೆ ಆ ಕಾರಿನ ಮೈಮೇಲೆ ಬಿಳಿ ಪದರ ಕೂರುತ್ತದೆ. ನೋಡಲು ಧೂಳಿನ ಹಾಗೆ ಕಂಡರೂ ಅದು ಉಪ್ಪು. ಊರಿನಲ್ಲಿ ಮಾಡಿದ ಹಾಗೆ ಪೈಪ್ ಹಿಡಿದು ತೊಳೆಯೋಣ ಅಂದರೆ ನೀರು ಬಾಗಿಲಲ್ಲೇ ಹೆಪ್ಪುಗಟ್ಟುತ್ತದೆ. ತೊಳೆಯದೆ ಬಿಟ್ಟರೆ ಕಾರು ತುಕ್ಕು ಹಿಡಿಯುತ್ತದೆ. ಇದಕ್ಕೆ ಇರುವ ಒಂದು ದಾರಿ 'ರಿನ್ಸ್‌ಲೆಸ್ ವಾಶ್'. ಆದರೆ ಅದರಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎರಡೂ ಗೊತ್ತಿರಬೇಕು.

ರಸ್ತೆಗೆ ಉಪ್ಪು ಯಾಕೆ?

ಶುದ್ಧ ನೀರು 0 ಡಿಗ್ರಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಉಪ್ಪು ಬೆರೆತ ನೀರು ಅದಕ್ಕಿಂತ ಕೆಳಗಿನ ಉಷ್ಣಾಂಶದಲ್ಲೂ ದ್ರವವಾಗಿಯೇ ಇರುತ್ತದೆ. ಹಾಗಾಗಿ ರಸ್ತೆ ಜಾರದಿರಲಿ ಅಂತ ಉಪ್ಪು ಹಾಕುತ್ತಾರೆ. ನಾವು ಅಡುಗೆಗೆ ಬಳಸುವ ಸೋಡಿಯಂ ಕ್ಲೋರೈಡೇ ಇದು, ಶುದ್ಧೀಕರಿಸಿರುವುದಿಲ್ಲ ಅಷ್ಟೆ. ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಇದರ ಶಕ್ತಿ ಕುಂದುತ್ತದೆ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಟೈರಿಗೆ ಹಿಡಿತ ಸಿಗಲಿ ಅಂತ ಕೆಲವು ಕಡೆ ಮರಳನ್ನೂ ಸೇರಿಸುತ್ತಾರೆ. ಕೆನಡಾ ಒಂದರಲ್ಲೇ ವರ್ಷಕ್ಕೆ ಸುಮಾರು 50 ಲಕ್ಷ ಟನ್ ರಸ್ತೆ ಉಪ್ಪು ಬಳಕೆಯಾಗುತ್ತದೆ.

ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡುಗಳು ಗಾಳಿಯ ತೇವಾಂಶವನ್ನೇ ಹೀರಿಕೊಂಡು ಒದ್ದೆಯಾಗಿ ಉಳಿಯುತ್ತವೆ. ಅಂದರೆ ಮಳೆ, ಹಿಮ ಇಲ್ಲದ ದಿನವೂ ಕಾರಿನ ಲೋಹಕ್ಕೆ ಉಪ್ಪುನೀರು ಅಂಟಿಕೊಂಡೇ ಇರುತ್ತದೆ. ಇನ್ನೊಂದು ವಿಷಯ: ತೀವ್ರ ಚಳಿಯಲ್ಲಿ ತುಕ್ಕು ನಿಧಾನ, ಬೆಚ್ಚಗಾದರೆ ವೇಗ. ಉಪ್ಪು ಮೆತ್ತಿದ ಕಾರನ್ನು ತೊಳೆಯದೆ ದಿನಾ ಹೀಟರ್ ಇರುವ ಗ್ಯಾರೇಜ್ ಒಳಗೆ ನಿಲ್ಲಿಸಿದರೆ, ಹೊರಗೆ ಚಳಿಯಲ್ಲಿ ನಿಲ್ಲಿಸಿದ್ದಕ್ಕಿಂತ ಹೆಚ್ಚು ಹಾನಿಯಾಗಬಹುದು.

ಏನಿದು ರಿನ್ಸ್‌ಲೆಸ್ ವಾಶ್?

ಸಾಮಾನ್ಯ ಶಾಂಪೂವಿನಲ್ಲಿ ನೊರೆ ಬರುತ್ತದೆ, ಆ ನೊರೆ ಹೋಗುವವರೆಗೆ ನೀರು ಹೊಯ್ಯಬೇಕು. ರಿನ್ಸ್‌ಲೆಸ್ ದ್ರಾವಣದಲ್ಲಿ ನೊರೆ ಬಹಳ ಕಡಿಮೆ. ಅದರಲ್ಲಿರುವ ಪಾಲಿಮರ್‌ಗಳು ಕೊಳೆಯ ಕಣಗಳನ್ನು ಸುತ್ತುವರಿದು, ಕಣ ಮತ್ತು ಪೇಂಟ್ ನಡುವೆ ಜಾರುವ ಪದರದಂತೆ ಕೆಲಸ ಮಾಡುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕೊಳೆ ಬಟ್ಟೆಗೆ ಬರುತ್ತದೆ. ನಂತರ ಒಣ ಟವೆಲ್‌ನಲ್ಲಿ ಒರೆಸಿದರೆ ಮುಗಿಯಿತು, ಪೈಪ್ ನೀರು ಬೇಕಿಲ್ಲ. ಅಮೆರಿಕದ ಆಪ್ಟಿಮಮ್ ಕಂಪನಿಯ 'ನೋ ರಿನ್ಸ್' ಈ ಬಗೆಯಲ್ಲಿ ಹೆಚ್ಚು ಹೆಸರಾದ ಉತ್ಪನ್ನ. ಬೇರೆ ಕಂಪನಿಗಳದ್ದೂ ಬೇಕಾದಷ್ಟು ಇವೆ.

'ವಾಟರ್‌ಲೆಸ್ ವಾಶ್' ಬೇರೆ, ಇದು ಬೇರೆ. ವಾಟರ್‌ಲೆಸ್ ಅಂದರೆ ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ ಒರೆಸೋದು. ಅದು ತೆಳು ಧೂಳಿಗೆ ಮಾತ್ರ ಸರಿ. ಚಳಿಗಾಲದ ಉಪ್ಪು, ಮರಳಿಗೆ ಅದು ಸಾಲದು.

ನೀರಿನ ಲೆಕ್ಕ ನೋಡಿ. ಪೈಪ್‌ನಲ್ಲಿ ನಿಮಿಷಕ್ಕೆ 10ರಿಂದ 20 ಲೀಟರ್ ನೀರು ಬರುತ್ತದೆ ಅಂದರೆ 10 ನಿಮಿಷಕ್ಕೆ 100ರಿಂದ 200 ಲೀಟರ್. ರಿನ್ಸ್‌ಲೆಸ್‌ಗೆ ಒಂದು ಬಕೆಟ್, 8ರಿಂದ 10 ಲೀಟರ್ ಸಾಕು. ಒಂದು ಮುದ್ದ್, ಅಂದರೆ ಅರ್ಧದಿಂದ ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮಾಡಿದ ಪ್ರವಾದಿ(ಸ)ಯವರ ಮಾದರಿ ನಮಗೆ ಗೊತ್ತಿರುವುದೇ. ಕಾರಿನ ವಿಷಯದಲ್ಲೂ ಪೋಲು ಮಾಡದಿರುವುದು ಒಳ್ಳೆಯದೇ.

ಯಾವ ದಿನ ತೊಳೆಯಬೇಕು?

5 ಡಿಗ್ರಿಗಿಂತ ಮೇಲೆ: ಯಾವ ವಿಧಾನವೂ ನಡೆಯುತ್ತದೆ. ಪೈಪ್ ಇದ್ದರೆ ಅದನ್ನೂ ಬಳಸಬಹುದು.

0ರಿಂದ 5 ಡಿಗ್ರಿ: ರಿನ್ಸ್‌ಲೆಸ್‌ಗೆ ತಕ್ಕ ದಿನ. ಬಿಸಿಲಿರುವ ಮಧ್ಯಾಹ್ನ ನೋಡಿಕೊಳ್ಳಿ, ಜೋರು ಗಾಳಿ ಇದ್ದರೆ ಬೇಡ. ಸಂಜೆ ಶುರು ಮಾಡಬೇಡಿ. ಸೂರ್ಯ ಇಳಿದ ಮೇಲೆ ಉಷ್ಣಾಂಶ ಬೇಗ ಬೀಳುತ್ತದೆ.

0ರಿಂದ ಮೈನಸ್ 10: ಬಯಲಿನಲ್ಲಿ ಬೇಡ. ತೆಳುವಾದ ನೀರಿನ ಪದರ ಪೇಂಟ್ ಮೇಲೆಯೇ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಬಟ್ಟೆ ಎಳೆದರೆ ಗೀರು ಖಚಿತ. ಗ್ಯಾರೇಜ್ ಅಥವಾ ಅಪಾರ್ಟ್‌ಮೆಂಟ್‌ನ ನೆಲಮಾಳಿಗೆ ಪಾರ್ಕಿಂಗ್ ಒಳಗೆ 0ಗಿಂತ ಮೇಲೆ ಇದ್ದರೆ ಮಾತ್ರ ಮಾಡಬಹುದು. ಅಲ್ಲಿ ಕಟ್ಟಡದ ನಿಯಮ ಮೊದಲು ಕೇಳಿ.

ಮೈನಸ್ 10ಕ್ಕಿಂತ ಕೆಳಗೆ: ಇಡೀ ಕಾರಿನ ಆಸೆ ಬಿಡಿ. ಗಾಜು, ಹೆಡ್‌ಲೈಟ್, ಬ್ರೇಕ್ ಲೈಟ್, ಹಿಂದಿನ ಕ್ಯಾಮೆರಾ, ನಂಬರ್ ಪ್ಲೇಟ್ ಇಷ್ಟನ್ನು ಮಾತ್ರ ಒರೆಸಿ. ಚಳಿಗಾಲಕ್ಕೆಂದೇ ಮಾರುವ, ಮೈನಸ್ 40ರವರೆಗೆ ಹೆಪ್ಪುಗಟ್ಟದ ವಾಶರ್ ದ್ರವವನ್ನು ಬಟ್ಟೆಗೆ ಹಾಕಿ ಒರೆಸಿದರೆ ಆಗುತ್ತದೆ. ಅದರಲ್ಲಿ ಮೆಥನಾಲ್ ಎಂಬ ವಿಷ ಇರಬಹುದು, ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಈ ಕೆಲಸ ಅಂದಕ್ಕಲ್ಲ. ಉಪ್ಪಿನ ಪದರ ಹೆಡ್‌ಲೈಟ್‌ನ ಬೆಳಕನ್ನು ತಡೆಯುತ್ತದೆ. ಬ್ರಿಟನ್‌ನಲ್ಲಿ ನಂಬರ್ ಪ್ಲೇಟ್ ಓದಲಾಗದಷ್ಟು ಕೊಳೆಯಾಗಿದ್ದರೆ 1,000 ಪೌಂಡ್‌ವರೆಗೂ ದಂಡ ಬೀಳಬಹುದು.

ಏನೇನು ಬೇಕು?

ಒಂದು ಬಕೆಟ್. ತಳದಲ್ಲಿ ಇಡುವ ಜಾಲರಿ ಸಿಕ್ಕಿದರೆ ಒಳ್ಳೆಯದು, ಮರಳು ಅದರ ಕೆಳಗೆ ಇಳಿದು ಮತ್ತೆ ಬಟ್ಟೆಗೆ ಬರುವುದಿಲ್ಲ. 6ರಿಂದ 8 ಮೆತ್ತಗಿನ ಮೈಕ್ರೋಫೈಬರ್ ಬಟ್ಟೆ, ಒರೆಸಲು 2 ದೊಡ್ಡ ಒಣ ಟವೆಲ್, ಒಂದು ಪಂಪ್ ಸ್ಪ್ರೇಯರ್, ರಬ್ಬರ್ ಕೈಗವಸು. ಚಕ್ರಕ್ಕೆ ಬೇರೆ ಹಳೇ ಬಟ್ಟೆ.

ದ್ರಾವಣದ ಅಳತೆ ಬಾಟಲಿ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ಆಪ್ಟಿಮಮ್‌ನಲ್ಲಿ 1 ಪಾಲಿಗೆ 256 ಪಾಲು ನೀರು, ಅಂದರೆ 10 ಲೀಟರ್‌ಗೆ ಸುಮಾರು 40 ಮಿಲಿ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಅಂತ ಲೆಕ್ಕ ಹಾಕಬೇಡಿ. ಹೆಚ್ಚಾದರೆ ಪೇಂಟ್ ಮೇಲೆ ಕಲೆ ಉಳಿಯುತ್ತದೆ, ಒರೆಸಲು ಕಷ್ಟ. ನೀರು ಉಗುರುಬೆಚ್ಚಗಿರಲಿ. ಕುದಿಯುವ ನೀರು ಖಂಡಿತ ಬೇಡ, ತಣ್ಣಗೆ ಮರಗಟ್ಟಿದ ಗಾಜಿಗೆ ಅದು ಬಿದ್ದರೆ ಬಿರುಕು ಬಿಡಬಹುದು.

ಮಾಡುವ ಕ್ರಮ

1. ಮೊದಲು ನೆನೆಸಿ. ಇಡೀ ವಿಧಾನದಲ್ಲಿ ಮುಖ್ಯ ಹಂತ ಇದು. ಒಂದು ಬಾಗಿಲಿನಷ್ಟು ಜಾಗಕ್ಕೆ ದ್ರಾವಣ ಸಿಂಪಡಿಸಿ ಒಂದೆರಡು ನಿಮಿಷ ಬಿಡಿ. ಉಪ್ಪು ನೀರಿನಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ. ಗೀರು ಹಾಕುವುದು ಮರಳು. ಪೇಂಟ್ ಮೇಲಿನ ಪಾರದರ್ಶಕ ಕೋಟ್ 40ರಿಂದ 50 ಮೈಕ್ರಾನ್ ಮಾತ್ರ, ನಮ್ಮ ತಲೆಗೂದಲಿಗಿಂತ ತೆಳು.

2. ಮೇಲಿನಿಂದ ಕೆಳಗೆ ಬನ್ನಿ. ಛಾವಣಿ, ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಕೊನೆಗೆ ಬಂಪರ್ ಮತ್ತು ಬಾಗಿಲಿನ ಕೆಳಭಾಗ. ಹೆಚ್ಚು ಮರಳು ಇರುವುದು ಕೆಳಗೆ.

3. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ. ಹೀಗೆ ಒಂದು ಬಟ್ಟೆಗೆ 8 ಮುಖ ಸಿಗುತ್ತದೆ. ಒಂದು ಮುಖದಲ್ಲಿ ಒಂದೇ ದಿಕ್ಕಿಗೆ, ಒತ್ತಡ ಹಾಕದೆ ಎಳೆಯಿರಿ, ನಂತರ ಹೊಸ ಮುಖ. ವೃತ್ತಾಕಾರವಾಗಿ ಉಜ್ಜಬೇಡಿ. ಎಂಟೂ ಮುಖ ಕೊಳೆಯಾದರೆ ಆ ಬಟ್ಟೆ ಬದಿಗಿಡಿ. ಕೊಳೆಯಾದದ್ದನ್ನು ಬಕೆಟ್‌ಗೆ ಮತ್ತೆ ಅದ್ದಬೇಡಿ.

4. ಕೂಡಲೇ ಒಣಗಿಸಿ. ಒಂದು ಭಾಗ ಒರೆಸಿ ಒಣಗಿಸಿದ ಮೇಲೆಯೇ ಮುಂದಿನದು. ಚಳಿಯಲ್ಲಿ ಇಡೀ ಕಾರು ಒದ್ದೆ ಮಾಡಿ ನಂತರ ಒರೆಸೋಣ ಅಂದರೆ ಆಗುವುದಿಲ್ಲ.

5. ಬಾಗಿಲು ತೆರೆದು ಅಂಚು ಮತ್ತು ರಬ್ಬರ್ ಒರೆಸಿ. ರಬ್ಬರ್‌ನಲ್ಲಿ ನೀರು ನಿಂತರೆ ಮರುದಿನ ಬೆಳಿಗ್ಗೆ ಬಾಗಿಲು ಅಂಟಿಕೊಳ್ಳುತ್ತದೆ. ಬಲವಾಗಿ ಎಳೆದರೆ ರಬ್ಬರ್ ಹರಿಯುತ್ತದೆ. ಒಣಗಿದ ರಬ್ಬರ್‌ಗೆ ಸ್ವಲ್ಪ ಸಿಲಿಕಾನ್ ಸವರಿದರೆ ಅಂಟುವುದಿಲ್ಲ. ಪೆಟ್ರೋಲ್ ಮುಚ್ಚಳ, ಹಿಂದಿನ ಡಿಕ್ಕಿಯ ಅಂಚು ಮರೆಯಬೇಡಿ.

6. ಚಕ್ರ ಕೊನೆಗೆ. ಚಕ್ರದ ಬಟ್ಟೆ ಪೇಂಟ್‌ಗೆ ತಾಗಬಾರದು. ಮುಗಿದ ಮೇಲೆ ಒಂದು ಸುತ್ತು ಓಡಿಸಿ ಬ್ರೇಕ್ ಒಣಗಿಸಿ. ಒದ್ದೆ ಬ್ರೇಕ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ರಾತ್ರಿ ಅದೂ ಹೆಪ್ಪುಗಟ್ಟಬಹುದು.

ಉಳಿದ ಕೊಳೆ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ, ಅದು ಮಂಜುಗಡ್ಡೆಯಾಗಿ ಯಾರಾದರೂ ಜಾರಿ ಬೀಳುತ್ತಾರೆ. ಮಳೆನೀರಿನ ಚರಂಡಿಗೂ ಬೇಡ, ಅದು ಸಾಮಾನ್ಯವಾಗಿ ಶುದ್ಧೀಕರಣವಿಲ್ಲದೆ ನೇರ ಹೊಳೆಗೆ ಸೇರುತ್ತದೆ. ಟಾಯ್ಲೆಟ್‌ಗೆ ಹಾಕಿ. ಜರ್ಮನಿಯ ಹಲವು ನಗರಗಳಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಕಾರು ತೊಳೆಯುವುದಕ್ಕೇ ನಿಷೇಧವಿದೆ. ನಿಮ್ಮ ಊರಿನ ನಿಯಮ ವಿಚಾರಿಸಿಕೊಳ್ಳಿ. ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಹಾಕಿದರೆ ಮೈಕ್ರೋಫೈಬರ್ ನೀರು ಹೀರುವುದು ಕಡಿಮೆಯಾಗುತ್ತದೆ.

ಮೇಲೆ ಹೊಳಪು, ಕೆಳಗೆ ತುಕ್ಕು

ಇಲ್ಲಿ ಹಲವರು ಎಡವುತ್ತಾರೆ. ರಿನ್ಸ್‌ಲೆಸ್ ವಾಶ್ ಮಾಡಿದ ಕಾರು ಶೋರೂಮ್‌ನಿಂದ ಬಂದ ಹಾಗೆ ಕಾಣುತ್ತದೆ. ಆದರೆ ಬಟ್ಟೆ ತಲುಪದ ಜಾಗದಲ್ಲಿ ಉಪ್ಪು ಹಾಗೆಯೇ ಇರುತ್ತದೆ. ಚಾಸಿಸ್, ಸೈಲೆನ್ಸರ್, ಚಕ್ರದ ಮೇಲಿನ ಕಮಾನು, ಬ್ರೇಕ್ ಪೈಪ್ ಎಲ್ಲ ಇರುವುದು ಕೆಳಗೆ. ಪೇಂಟ್‌ಗೆ ರಕ್ಷಣೆಯ ಕೋಟ್ ಇದೆ, ಹಳೇ ಕಾರಿನ ಕೆಳಗಿನ ಲೋಹಕ್ಕೆ ಅಷ್ಟು ರಕ್ಷಣೆ ಇರುವುದಿಲ್ಲ.

ಇದು ಹಣದ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. ಬ್ರೇಕ್ ಪೈಪ್ ತುಕ್ಕು ಹಿಡಿದು ಒಡೆದರೆ ಬ್ರೇಕ್ ಎಣ್ಣೆ ಸೋರಿ ಬ್ರೇಕ್ ಹಿಡಿಯುವುದಿಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹಳೇ ವಾಹನಗಳ ಬ್ರೇಕ್ ಪೈಪ್ ತುಕ್ಕಿನ ಬಗ್ಗೆ ತನಿಖೆ ನಡೆಸಿ, 2015ರಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ಚಳಿಗಾಲದುದ್ದಕ್ಕೂ ಕಾರಿನ ಕೆಳಭಾಗ ತೊಳೆಯಿರಿ, ವಸಂತ ಬಂದಾಗ ಪೂರ್ತಿ ತೊಳೆಯಿರಿ, ಪೈಪ್‌ಗಳನ್ನು ಪರೀಕ್ಷಿಸಿ ಅನ್ನುವುದು ಅದರ ಸಾರ.

ಹಾಗಾಗಿ ಎರಡನ್ನೂ ಸೇರಿಸಿ ಮಾಡಿ. ಉಷ್ಣಾಂಶ 0ಗಿಂತ ಮೇಲೇರಿದ ದಿನ, ಎರಡು ವಾರಕ್ಕೊಮ್ಮೆಯಾದರೂ, ಕೆಳಭಾಗ ತೊಳೆಯುವ ವ್ಯವಸ್ಥೆ ಇರುವ ಕಾರ್ ವಾಶ್‌ಗೆ ಹೋಗಿ. ಬ್ರಷ್ ಇಲ್ಲದ 'ಟಚ್‌ಲೆಸ್' ಇದ್ದರೆ ಉತ್ತಮ. ಸ್ವತಃ ತೊಳೆಯುವ ಕಾಯಿನ್ ವಾಶ್‌ನಲ್ಲಿ ಬ್ರಷ್ ಮುಟ್ಟಬೇಡಿ, ಬೇರೆ ಕಾರುಗಳ ಮರಳು ಅದರಲ್ಲಿರುತ್ತದೆ. ಒತ್ತಡದ ನೀರನ್ನು ಚಕ್ರದ ಕಮಾನು ಮತ್ತು ಕೆಳಗೆ ಹೊಡೆದರೆ ಸಾಕು. ಮನೆಗೆ ಬಂದು ಮೇಲ್ಭಾಗಕ್ಕೆ ರಿನ್ಸ್‌ಲೆಸ್. ದಪ್ಪ ಕೆಸರು, ಗಟ್ಟಿ ಉಪ್ಪಿನ ಹೆಕ್ಕಳೆ ಇರುವಾಗ ನೇರವಾಗಿ ಬಟ್ಟೆ ಹಾಕಲೇಬೇಡಿ, ಮೊದಲು ಒತ್ತಡದ ನೀರಿನಲ್ಲಿ ಅದನ್ನು ಇಳಿಸಿ.

ಊರಿನವರಿಗೂ ಉಪಯೋಗ

ನಮ್ಮ ಕರಾವಳಿಯಲ್ಲಿ ಹಿಮ ಇಲ್ಲ, ರಸ್ತೆಗೆ ಉಪ್ಪು ಹಾಕುವುದೂ ಇಲ್ಲ. ಆದರೆ ಬೇಸಿಗೆಯಲ್ಲಿ ನೀರಿಲ್ಲ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು 2016 ಮತ್ತು 2019ರಲ್ಲಿ ಮಂಗಳೂರಿಗೆ ನೀರಿನ ರೇಶನಿಂಗ್ ಬಂದದ್ದು ನೆನಪಿರಬಹುದು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂ. ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಅಂಥ ದಿನಗಳಲ್ಲಿ ಒಂದು ಬಕೆಟ್‌ನ ಈ ವಿಧಾನ ಇಲ್ಲೂ ನಡೆಯುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ನೆರಳಿನಲ್ಲಿ ಮಾಡಬೇಕು. ಬಿಸಿಲಿಗೆ ಕಾದ ಬಾನೆಟ್ ಮೇಲೆ ದ್ರಾವಣ ಒರೆಸುವ ಮೊದಲೇ ಒಣಗಿ ಕಲೆಯಾಗುತ್ತದೆ.

ಚಳಿದೇಶದಲ್ಲಿ ಇರುವವರು ಇಷ್ಟು ನೆನಪಿಡಿ: ಅಕ್ಟೋಬರ್‌ನಲ್ಲೇ ಕಾರನ್ನು ಚೆನ್ನಾಗಿ ತೊಳೆದು ಒಂದು ಕೋಟ್ ವ್ಯಾಕ್ಸ್ ಹಾಕಿ, ಉಪ್ಪು ಅಂಟುವುದು ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಮೇಲ್ಭಾಗಕ್ಕೆ ರಿನ್ಸ್‌ಲೆಸ್, ಕೆಳಭಾಗಕ್ಕೆ ಒತ್ತಡದ ನೀರು. ರಸ್ತೆಗೆ ಉಪ್ಪು ಹಾಕುವುದು ನಿಂತ ಮೇಲೆ ಏಪ್ರಿಲ್ ಹೊತ್ತಿಗೆ ಒಮ್ಮೆ ಮೆಕ್ಯಾನಿಕ್ ಬಳಿ ಕಾರನ್ನು ಲಿಫ್ಟ್ ಮೇಲೆ ಹಾಕಿಸಿ ಬ್ರೇಕ್ ಪೈಪ್ ತೋರಿಸಿ. ಹಳೇ ಕಾರು ಕೊಳ್ಳುವ ಯೋಚನೆ ಇದ್ದರೆ ಮೇಲಿನ ಹೊಳಪು ನೋಡಿ ಮುಂಗಡ ಕೊಡಬೇಡಿ, ಮೊದಲು ಅದರ ಕೆಳಗೆ ಟಾರ್ಚ್ ಹಾಕಿ ನೋಡಿ.