ದೂರವಾಣಿನಗರದಿಂದ ನರಸಾಪುರಕ್ಕೆ: ಹೊಸ ಫೋನಿನ ಬಿಡುಗಡೆಯ ಚರಿತ್ರೆ

ಹೊಸ ಫೋನು ಮಾರುಕಟ್ಟೆಗೆ ಬರುವ ದಿನವನ್ನೂ ಗಳಿಗೆಯನ್ನೂ ಮೊದಲೇ ಸಾರಿ, ಗ್ರಾಹಕರನ್ನು ಕಾಯಿಸಿ, ಗೊತ್ತುಪಡಿಸಿದ ಹೊತ್ತಿಗೆ ಮಾರಾಟ ತೆರೆಯುವ ಪದ್ಧತಿಗೆ ಇಂದು ‘ಬಿಡುಗಡೆ’ ಎಂಬ ಹೆಸರಿದೆ. ಗ್ರಂಥಕ್ಕೂ ಚಲನಚಿತ್ರಕ್ಕೂ ಸಲ್ಲುತ್ತಿದ್ದ ಈ ಮಾತು ಫೋನಿಗೆ ಅಂಟಿಕೊಂಡದ್ದು ಕಳೆದ ಎರಡು ದಶಕಗಳಲ್ಲಿ. ಆದರೆ ಫೋನಿಗಾಗಿ ಕಾಯುವುದು ಕರ್ನಾಟಕಕ್ಕೆ ಹೊಸದಲ್ಲ. ಕಾಯುವುದಕ್ಕೆ ಇದ್ದ ಕಾರಣ ಮಾತ್ರ ಬದಲಾಗಿದೆ. ಈ ವಹಿವಾಟಿನ ಆರ್ಥಿಕ ಚರಿತ್ರೆಯ ತಿರುಳು ಇರುವುದು ಆ ಬದಲಾವಣೆಯಲ್ಲಿಯೇ.

ಬೆಂಗಳೂರಿನ ಪೂರ್ವಕ್ಕೆ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಗಿ, ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಹೆಸರು ಬಂದ ಕಾಲದಲ್ಲಿ, ಫೋನು ಅಂಗಡಿಯಲ್ಲಿ ಕೊಳ್ಳುವ ಸರಕಾಗಿರಲಿಲ್ಲ. ಅದು ಸರ್ಕಾರದ ಇಲಾಖೆ ಮಂಜೂರು ಮಾಡುವ ಸಂಪರ್ಕವಾಗಿತ್ತು. ವಿನಿಮಯ ಕೇಂದ್ರಗಳಲ್ಲಿ ತಂತಿಗಳಿಗೆ ಜಾಗವಿಲ್ಲದ್ದರಿಂದ ಅರ್ಜಿದಾರರು ವರ್ಷಗಟ್ಟಲೆ ಕಾಯಬೇಕಿತ್ತು. ದೊಡ್ಡ ಮೊತ್ತವನ್ನು ಮುಂಗಡವಾಗಿ ಕಟ್ಟಿದವರಿಗೆ ಆದ್ಯತೆ ನೀಡುವ ‘ಓವೈಟಿ’ ಎಂಬ ಯೋಜನೆಯೂ ಜಾರಿಯಲ್ಲಿತ್ತು. ಹವಾನಿಯಂತ್ರಣವಿಲ್ಲದೆ ಧೂಳು, ಸೆಕೆಗಳನ್ನು ತಾಳಬಲ್ಲ, 128 ಸಂಪರ್ಕಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ರೂಪಿಸಿ, 1986ರಲ್ಲಿ ಮೊದಲನೆಯದನ್ನು ಕಿತ್ತೂರಿನಲ್ಲಿ ನೆಲೆಗೊಳಿಸಿದಾಗ ಆ ಕೊರತೆಯ ಗಂಟು ಸಡಿಲವಾಗತೊಡಗಿತು. ಯಾವ ಸಡಗರದ ಪ್ರಚಾರವೂ ಇಲ್ಲದೆ ನಡೆದ ಕಿತ್ತೂರಿನ ಆ ಆರಂಭವನ್ನು ಭಾರತದ ದೂರಸಂಪರ್ಕದ ಅತಿ ಮುಖ್ಯ ‘ಬಿಡುಗಡೆ’ಗಳಲ್ಲಿ ಒಂದೆಂದು ಎಣಿಸಲೇಬೇಕು.

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತದಿಂದ ದೆಹಲಿಗೆ ಹೋಯಿತು. ಆಗ ಕರೆ ಮಾಡಿದವನಂತೆ ಕರೆ ಸ್ವೀಕರಿಸಿದವನೂ ಹಣ ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ, ಟಾರ್ಚು ಹೊಂದಿದ್ದ ನೋಕಿಯಾ 1100ರಂತಹ ಅಗ್ಗದ, ಗಟ್ಟಿಮುಟ್ಟಾದ ಫೋನುಗಳು ಹಳ್ಳಿಗಳನ್ನು ತಲುಪಿದವು.

ಬಿಡುಗಡೆಯೆಂಬ ಆಚರಣೆ ಭಾರತಕ್ಕೆ ಪೂರ್ಣರೂಪದಲ್ಲಿ ಬಂದದ್ದು 2008ರ ಆಗಸ್ಟ್ 22ರಂದು, ಏರ್‌ಟೆಲ್ ಮತ್ತು ವೊಡಾಫೋನ್ ಕಂಪನಿಗಳು ಐಫೋನ್ 3ಜಿಯನ್ನು ಮಾರಾಟಕ್ಕಿಟ್ಟಾಗ. ಅಮೆರಿಕದಲ್ಲಿ ಎರಡು ವರ್ಷದ ಸೇವಾ ಕರಾರಿಗೆ ಸಹಿ ಹಾಕಿದವರಿಗೆ ಅದು 199 ಡಾಲರಿಗೆ ಸಿಗುತ್ತಿತ್ತು, ಏಕೆಂದರೆ ಬೆಲೆಯ ಉಳಿದ ಭಾಗವನ್ನು ಸೇವಾ ಕಂಪನಿಯೇ ಭರಿಸಿ, ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡಿಕೊಳ್ಳುತ್ತಿತ್ತು. ಬಹುಪಾಲು ಗ್ರಾಹಕರು ಪ್ರೀಪೇಯ್ಡ್ ಸಿಮ್ ಬಳಸುವ ಭಾರತದಲ್ಲಿ ಅಂತಹ ಕರಾರು ನೆಲೆಯೂರುವಂತಿರಲಿಲ್ಲ. ಆದ್ದರಿಂದ ಇಲ್ಲಿನ ಗ್ರಾಹಕನು 31,000 ರೂಪಾಯಿಗಳನ್ನು ಒಂದೇ ಗಂಟಿನಲ್ಲಿ ಕೊಡಬೇಕಾಯಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಫೋನಿನ ಹೆಸರಿನಲ್ಲಿದ್ದ ಮೂರನೇ ತಲೆಮಾರಿನ ಜಾಲ ಅಂದು ದೇಶದಲ್ಲಿ ಇನ್ನೂ ಆರಂಭವೇ ಆಗಿರಲಿಲ್ಲ. ಖಾಸಗಿ ಕಂಪನಿಗಳಿಗೆ ಅದರ ತರಂಗಾಂತರ ಹರಾಜಾದದ್ದು 2010ರಲ್ಲಿ. ಉಪಯೋಗಕ್ಕಿಂತ ಮೊದಲು ಆಕರ್ಷಣೆ ಬಂದು ತಲುಪಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಮುಂದೆ ಬಡ್ಡಿಯಿಲ್ಲದ ಕಂತು, ಹಳೆಯ ಫೋನಿನ ವಿನಿಮಯ, ಬ್ಯಾಂಕು ಕಾರ್ಡಿನ ರಿಯಾಯಿತಿ ಇವೆಲ್ಲ ಬಿಡುಗಡೆಯ ಅಂಗಗಳಾದುದಕ್ಕೂ ಕಾರಣ ಕರಾರಿನ ಅಭಾವವೇ: ಕರಾರು ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಸಾಲವೇ ಮಾಡಿತು.

ಎರಡನೆಯ ತಿರುವು ಬೆಂಗಳೂರಿನ ಕಂಪನಿಯೊಂದರ ಮೂಲಕ ಬಂದಿತು. ಪುಸ್ತಕ ಮಾರಾಟದಿಂದ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್, 2014ರ ಫೆಬ್ರುವರಿಯಲ್ಲಿ ಮೋಟೋ ಜಿ ಫೋನನ್ನೂ, ಜುಲೈ 22ರಂದು ಚೀನಾದ ಶಿಯೋಮಿ ಕಂಪನಿಯ ಎಂಐ 3 ಫೋನನ್ನೂ ತನ್ನ ಜಾಲತಾಣದಲ್ಲಿ ಮಾತ್ರ ಮಾರಿತು. ಎಂಐ 3ರ ಬೆಲೆ 13,999 ರೂಪಾಯಿ. ಮೊದಲ ಸರದಿಯ ದಾಸ್ತಾನು ಒಂದು ಗಂಟೆಯೊಳಗೆ ಮುಗಿಯಿತು, ನಂತರದ ಸರದಿಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿದವು. ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ, ನಿಗದಿತ ಹೊತ್ತಿಗೆ, ಸೀಮಿತ ಸಂಖ್ಯೆಯಲ್ಲಿ ಸರಕು ಮಾರುವ ಈ ಕ್ರಮಕ್ಕೆ ಫ್ಲ್ಯಾಶ್ ಸೇಲ್ ಎಂದು ಹೆಸರು. ಇದರ ಲೆಕ್ಕಾಚಾರ ಸರಳವಾದುದು: ಸಣ್ಣ ಸರದಿಗಳಲ್ಲಿ ಮಾರಿದರೆ ಗೋದಾಮಿನಲ್ಲಿ ಬಂಡವಾಳ ಕೊಳೆಯುವುದಿಲ್ಲ, ತಿಂಗಳು ಕಳೆದಂತೆ ಬಿಡಿಭಾಗಗಳ ಬೆಲೆ ಇಳಿದು ಲಾಭ ಏರುತ್ತದೆ, ಸಗಟು ವ್ಯಾಪಾರಿಯ ಪಾಲೂ ಜಾಹೀರಾತಿನ ಖರ್ಚೂ ಉಳಿಯುತ್ತವೆ, ಸಿಗದವರ ಹಂಬಲವೇ ಪ್ರಚಾರವಾಗುತ್ತದೆ. ದೂರವಾಣಿನಗರದ ಕಾಲದ ಸರದಿ ಕೊರತೆಯಿಂದ ಹುಟ್ಟಿದ್ದಾದರೆ ಈ ಸರದಿ ಲೆಕ್ಕದಿಂದ ಹುಟ್ಟಿದ್ದು. ಜಾಲತಾಣದಲ್ಲಿ ಮಾತ್ರ ಮಾರುವ ಈ ಕ್ರಮದ ಹೊರೆ ಬಿದ್ದದ್ದು ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಯವರ ಮೇಲೆ. ಜನ ಕೇಳಿಕೊಂಡು ಬರುವ ಫೋನೇ ಅವರ ಬಳಿ ಇಲ್ಲದಂತಾಗಿ, ಅವರಿಗೆ ಉಳಿದದ್ದು ರೀಚಾರ್ಜು, ಕವರು, ಪರದೆಯ ಗಾಜು ಮತ್ತು ದುರಸ್ತಿ.

ಗ್ರಾಹಕರ ಆಕರ್ಷಣೆಯನ್ನು ಕ್ಯಾಮೆರಾ, ಬ್ಯಾಟರಿಗಳಿಂದ ಮಾತ್ರ ಅಳೆಯುವುದು ಕನ್ನಡಿಗರ ಮಟ್ಟಿಗೆ ಅಪೂರ್ಣ. 2012ರ ಆಂಡ್ರಾಯ್ಡ್ 4.1 ಆವೃತ್ತಿಗೆ ಮೊದಲು ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತಿದ್ದವು. ಅಕ್ಷರ ಮೂಡಿದ ಮೇಲೆಯೇ ಇಂಗ್ಲಿಷ್ ಬಾರದ ರೈತನಿಗೂ ಗೃಹಿಣಿಗೂ ಆ ಸಾಧನ ಓದುವ ವಸ್ತುವಾಯಿತು, ಮತ್ತು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ಕುಸಿದಾಗ ಹೊಸ ಫೋನು ಕೊಳ್ಳಲು ಅವರಿಗೂ ಕಾರಣ ದೊರಕಿತು.

ತಯಾರಿಕೆಯ ಲಾಭ ಈ ನೆಲಕ್ಕೆ ದಕ್ಕತೊಡಗಿದ್ದು ಸುಂಕದ ನೀತಿಯಿಂದ. ಹೊರಗಿನಿಂದ ಬರುವ ಸಿದ್ಧ ಫೋನುಗಳ ಮೇಲೆ 2017ರ ಜುಲೈಯಲ್ಲಿ ಶೇ. 10ರಷ್ಟು ಸುಂಕ ಬಿದ್ದು, ಮರುವರ್ಷದ ಬಜೆಟ್ಟಿನಲ್ಲಿ ಅದು ಶೇ. 20ಕ್ಕೆ ಏರಿತು, 2020ರಲ್ಲಿ ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ನೀಡುವ ಪಿಎಲ್‌ಐ ಯೋಜನೆ ಬಂದಿತು. ವಿಸ್ಟ್ರಾನ್ ಕಂಪನಿ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಣೆಯನ್ನು ಆರಂಭಿಸಿ, ಅನಂತರ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯನ್ನು ತೆರೆಯಿತು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ. ಜೋಡಣೆಯೆಂದರೆ ಬಹುಮಟ್ಟಿಗೆ ಹೊರದೇಶಗಳಿಂದ ಬಂದ ಚಿಪ್, ಪರದೆಗಳಂತಹ ಭಾಗಗಳನ್ನು ಕೂಡಿಸುವ ಕೆಲಸವಾದ್ದರಿಂದ ಫೋನಿನ ಬೆಲೆಯಲ್ಲಿ ಇಲ್ಲಿ ಉಳಿಯುವ ಪಾಲು ಚಿಕ್ಕದು. ಆ ಚಿಕ್ಕ ಪಾಲಿನಲ್ಲಿ ದೊಡ್ಡದಾಗಿ ಕಾಣುವುದು ಕಾರ್ಮಿಕರ ಕೂಲಿ.

ಆ ಕೂಲಿಯ ವಿಷಯದಲ್ಲಿಯೇ 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಗಲಭೆಯೆದ್ದು ಕಾರ್ಖಾನೆ ಹಾನಿಗೊಂಡಿತು. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಅದೇ ವರ್ಷ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ಕೊಡುವ ಕಾರ್ಖಾನೆ ಕಾಯ್ದೆಯ ತಿದ್ದುಪಡಿಯನ್ನು ರಾಜ್ಯದ ಶಾಸಕಾಂಗ ಅಂಗೀಕರಿಸಿತು. ಹೊಸ ಫೋನಿನ ಬಿಡುಗಡೆಯ ವೇದಿಕೆಯಲ್ಲಿ ಆಡಿದ ಮಾತು ಅಕ್ಷರಶಃ ದಾಖಲಾಗುತ್ತದೆ, ಅದನ್ನು ಜೋಡಿಸಿ ಮಾರಿದವರ ಮಾತು ಹಾಗೆ ದಾಖಲಾಗುವುದಿಲ್ಲ. ಆದ್ದರಿಂದ ಪೀಣ್ಯ, ನರಸಾಪುರಗಳ ಜೋಡಣಾ ಸಾಲುಗಳಲ್ಲಿ ನಿಂತು ದುಡಿದವರ ನೆನಪುಗಳನ್ನೂ, ಅವರ ಸಂಬಳದ ಚೀಟಿಗಳನ್ನೂ, ಸಣ್ಣ ಊರುಗಳ ಮೊಬೈಲ್ ಅಂಗಡಿಗಳ ಲೆಕ್ಕದ ಪುಸ್ತಕಗಳನ್ನೂ ಆಯಾ ಜಿಲ್ಲೆಗಳ ಕಾಲೇಜುಗಳ ಇತಿಹಾಸ ಮತ್ತು ಅರ್ಥಶಾಸ್ತ್ರ ವಿಭಾಗಗಳು ಈಗಲೇ ಸಂಗ್ರಹಿಸತೊಡಗಬೇಕು.