ಕಲ್ಲು ಪುಸ್ತಕವಾದ ಬಗೆ: ಚಿತ್ರದುರ್ಗ ಸೀಮೆಯ ಶಾಸನಗಳೂ ಜೈನ ಓದುಗರೂ

ಹೊಳಲ್ಕೆರೆಯಲ್ಲಿ ದೊರೆತ ಜೈನ ಶಾಸನವೊಂದು ಶಕವರ್ಷ 1076ಕ್ಕೆ, ಎಂದರೆ ಕ್ರಿ.ಶ. 1154ಕ್ಕೆ ಸೇರಿದ್ದು. ಅಲ್ಲಿಯ ಶಾಂತಿನಾಥ ಬಸದಿಯು ಜೀರ್ಣವಾಗಿರಲು ಪಾರ್ಶ್ವಸೇನ ಭಟ್ಟಾರಕರು ಅದನ್ನು ಉದ್ಧರಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. 1154ರಲ್ಲಿಯೇ ಜೀರ್ಣೋದ್ಧಾರವನ್ನು ಬಯಸುವಷ್ಟು ಹಳೆಯದಾಗಿದ್ದ ಬಸದಿಯೆಂದ ಮೇಲೆ ಆ ಊರಿನ ಜೈನ ಸಮಾಜದ ಪ್ರಾಚೀನತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಷ್ಟು ದೊಡ್ಡ ಸಂಗತಿ ಶತಮಾನಗಳ ಕಾಲ ಕಲ್ಲಿನಲ್ಲಿಯೇ ಉಳಿದಿತ್ತು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ವಿರಳರಾದ ಕಾಲದಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುತ್ತಿದ್ದ, ಯಾರ ಅರಿವಿಗೂ ಬಾರದ ಬರಹವಾಗಿತ್ತು.

ಅದನ್ನು ಪುಸ್ತಕಕ್ಕೆ ತಂದುದು ಬೆಂಜಮಿನ್ ಲೂಯಿ ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟ. ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆಂದೇ ಮೀಸಲಾದ ಈ ಸಂಪುಟ 1903ರಲ್ಲಿ ಪ್ರಕಟವಾಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹೀಗೆ ತಾಲ್ಲೂಕುಗಳ ಕ್ರಮದಲ್ಲಿ ಶಾಸನಗಳಿಗೆ ಸಂಖ್ಯೆ ಕೊಟ್ಟು, ಮೂಲಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚುಮಾಡಿ, ಇಂಗ್ಲಿಷ್ ಅನುವಾದವನ್ನೂ ವಿಸ್ತಾರವಾದ ಪೀಠಿಕೆಯನ್ನೂ ಸೇರಿಸಲಾಗಿತ್ತು. ಕನ್ನಡ ಪಾಠವಿದ್ದುದು ಸಣ್ಣ ಮಾತಲ್ಲ. ಇಂಗ್ಲಿಷ್ ಬಾರದ ಶಾನುಭೋಗನೂ ಬಸದಿಯ ಪುರೋಹಿತನೂ ತನ್ನ ಊರಿನ ಕಲ್ಲನ್ನು ಕಾಗದದ ಮೇಲೆ ಓದುವುದು ಆಗ ಮೊದಲ ಬಾರಿಗೆ ಸಾಧ್ಯವಾಯಿತು.

ಅಲ್ಲಿಂದ ಮುಂದಿನ ಪಯಣವೂ ಕುತೂಹಲಕರವಾಗಿದೆ. ಫ್ರಾನ್ಸಿನ ವಿದ್ವಾಂಸ ಗೆರಿನೋ 1908ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಜೈನ ಶಾಸನಗಳ ಸೂಚಿಯಲ್ಲಿ 850 ಶಾಸನಗಳ ವಿವರವಿದೆ. ಮೈಸೂರು ಸೀಮೆಯ ಜೈನ ಶಾಸನಗಳು ರೈಸರ ಸಂಪುಟಗಳ ಮೂಲಕ ಅದರೊಳಕ್ಕೆ ಬಂದವು. ಆ ಸೂಚಿಯನ್ನು ಆಧರಿಸಿ ಪಂಡಿತ ವಿಜಯಮೂರ್ತಿಯವರು ಸಂಗ್ರಹಿಸಿದ ‘ಜೈನ ಶಿಲಾಲೇಖ ಸಂಗ್ರಹ’ದ ಎರಡನೆಯ ಮತ್ತು ಮೂರನೆಯ ಭಾಗಗಳು ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ 1952 ಮತ್ತು 1957ರಲ್ಲಿ ನಾಗರಿ ಲಿಪಿಯಲ್ಲಿ ಹೊರಬಂದವು. ಹೊಳಲ್ಕೆರೆಯ ಕಲ್ಲಿನ ಮಾತು ಉತ್ತರ ಭಾರತದ ಶ್ರಾವಕನಿಗೂ ತಲುಪಿದುದು ಹೀಗೆ.

ಇಂತಹ ಪುಸ್ತಕಗಳ ಹಿಂದಿದ್ದ ಚಿಂತನೆ ಯಾವುದು? 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ರೈಸರು ಮೊದಲು ವಿದ್ಯಾ ಇಲಾಖೆಯಲ್ಲಿದ್ದು, ಬಳಿಕ ಮೈಸೂರು ಪುರಾತತ್ವ ಸಂಶೋಧನೆಯ ಹೊಣೆ ಹೊತ್ತವರು. ರಾಜ್ಯದ ಶಾಸನಗಳನ್ನು ಊರೂರಿಗೆ ಹೋಗಿ ಸಂಗ್ರಹಿಸಿ, ಒಂದನ್ನೂ ಕ್ಷುಲ್ಲಕವೆಂದು ಬಿಡದೆ ಅಚ್ಚುಮಾಡಬೇಕೆಂಬುದು ಅವರ ಸಂಕಲ್ಪ. ಅರಸನ ತಾಮ್ರಪಟಕ್ಕೆ ದೊರೆತ ಗೌರವವೇ ತುರುಗೋಳಿನಲ್ಲಿ ಮಡಿದವನ ವೀರಗಲ್ಲಿಗೂ ಸಲ್ಲೇಖನ ವ್ರತದಿಂದ ಮುಡಿಪಿದವರ ನಿಷಿಧಿಗೂ ಅವರ ಸಂಪುಟಗಳಲ್ಲಿ ದೊರೆತಿದೆ. ಪುರಾಣವೂ ಸ್ಥಳಮಾಹಾತ್ಮ್ಯವೂ ಹೇಳುವುದನ್ನು ಕಾಲನಿರ್ದೇಶವುಳ್ಳ ಬರಹದ ಎದುರಿಗೆ ಇಟ್ಟು ತೂಗಬೇಕೆಂಬುದು ಇದರೊಳಗಣ ತತ್ತ್ವ. ಈ ತಕ್ಕಡಿಯಲ್ಲಿ ಎಲ್ಲ ಮತಗಳ ನಂಬಿಕೆಗಳೂ ಏರಬೇಕು. ಜೈನ ಸಮಾಜಕ್ಕೆ ಆ ಪರೀಕ್ಷೆ ಬಂದುದು ಶ್ರವಣಬೆಳಗೊಳದ ವಿಷಯದಲ್ಲಿ.

ರೈಸರ ಶ್ರವಣಬೆಳಗೊಳದ ಸಂಪುಟ ಪ್ರಕಟವಾದುದು 1889ರಲ್ಲಿ. ಅದರಲ್ಲಿ 144 ಶಾಸನಗಳಿದ್ದವು. ಅವುಗಳಲ್ಲಿ ಮೊದಲನೆಯದು ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದನ್ನೂ, ಸಂಘವು ದಕ್ಷಿಣಕ್ಕೆ ಬಂದುದನ್ನೂ, ಕಟವಪ್ರಗಿರಿಯಲ್ಲಿ ಪ್ರಭಾಚಂದ್ರರು ಸಮಾಧಿ ಹೊಂದಿದುದನ್ನೂ ಹೇಳುತ್ತದೆ. ಪ್ರಭಾಚಂದ್ರನೆಂದರೆ ದೀಕ್ಷೆ ಪಡೆದ ಮೌರ್ಯ ಚಂದ್ರಗುಪ್ತನೇ ಎಂದು ರೈಸರು ನಿರ್ಣಯಿಸಿದರು. ಜೈನರಿಗೆ ಇದರಿಂದ ಸಂತೋಷವಾದುದು ಸಹಜ. ಆದರೆ ಶಾಸನಶಾಸ್ತ್ರದಲ್ಲಿ ಅಷ್ಟೇ ಪ್ರಸಿದ್ಧರಾದ ಜೆ.ಎಫ್. ಫ್ಲೀಟ್ ಇದನ್ನು ಒಪ್ಪಲಿಲ್ಲ. ಶಾಸನವು ಶ್ರುತಕೇವಲಿ ಭದ್ರಬಾಹುವಿನ ಬಳಿಕ ಇನ್ನೂ ಹಲವು ಆಚಾರ್ಯರನ್ನು ಎಣಿಸಿ, ಅನಂತರವಷ್ಟೇ ಕ್ಷಾಮವನ್ನು ನುಡಿದ ಭದ್ರಬಾಹುವನ್ನು ಹೆಸರಿಸುವುದರಿಂದ ಇವನು ಬೇರೊಬ್ಬ, ಈಚಿನವನು ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ತಿರುಳಿದೆ. ಅದನ್ನು ಜೈನದ್ವೇಷವೆಂದು ತಳ್ಳಿಹಾಕುವುದು ಸಲ್ಲದು.

ಈ ಚರ್ಚೆ ನಡೆದಿರುವಾಗಲೇ, 1892ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ರೈಸರು ಅಶೋಕನ ಧರ್ಮಲಿಪಿಗಳನ್ನು ಶೋಧಿಸಿದರು. ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಶಿಷ್ಯನು ಗುರುವಿಗೆ ಸಲ್ಲಿಸಬೇಕಾದ ಗೌರವ ಇವು ಅದರ ಉಪದೇಶ. ಬರೆದ ಲಿಪಿಕಾರ ಚಪಡನು ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿಯನ್ನು ಬಲ್ಲವನೊಬ್ಬ ಈ ಬಂಡೆಗಳ ನಡುವೆ ಕುಳಿತು ಬರೆದನೆಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಈ ಶೋಧದಿಂದ ಸಿದ್ಧವಾದುದೇನು? ಅಶೋಕನ ಕಾಲದಲ್ಲಿ ಮೌರ್ಯರ ಆಡಳಿತ ಇಲ್ಲಿಯವರೆಗೆ ವ್ಯಾಪಿಸಿತ್ತೆಂಬುದು ನಿಸ್ಸಂದೇಹವಾಯಿತು. ಅಶೋಕನು ತಾನು ಗೆದ್ದುದೆಂದು ಕಳಿಂಗವೊಂದನ್ನೇ ಹೇಳಿಕೊಳ್ಳುವುದರಿಂದ ದಕ್ಷಿಣವು ಅವನ ತಂದೆಯ ಅಥವಾ ತಾತನ ಕಾಲದಲ್ಲಿಯೇ ಮೌರ್ಯರ ವಶವಾಗಿರಬೇಕೆಂದು ವಿದ್ವಾಂಸರು ಊಹಿಸಿದರು. ಹೀಗಾಗಿ ಚಂದ್ರಗುಪ್ತನ ದಕ್ಷಿಣಾಗಮನ ಅಸಂಭವವಲ್ಲವೆಂದಾಯಿತು. ಮೊದಲು ಸಂಶಯ ತಾಳಿದ್ದ ವಿನ್ಸೆಂಟ್ ಸ್ಮಿತ್ ತಮ್ಮ 1919ರ ಇತಿಹಾಸಗ್ರಂಥದಲ್ಲಿ ಈ ಐತಿಹ್ಯವನ್ನು ಸ್ಥೂಲವಾಗಿ ಒಪ್ಪುವತ್ತ ವಾಲಿದರು. 1923ರಲ್ಲಿ 500 ಶಾಸನಗಳೊಡನೆ ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿದ ಆರ್. ನರಸಿಂಹಾಚಾರ್ಯರೂ ಅದೇ ಪಕ್ಷದವರು.

ಆದರೆ ‘ಅಸಂಭವವಲ್ಲ’ ಎಂಬುದಕ್ಕೂ ‘ಸಿದ್ಧವಾಯಿತು’ ಎಂಬುದಕ್ಕೂ ಅಂತರವಿದೆ. ಬ್ರಹ್ಮಗಿರಿಯ ಬಂಡೆಯಲ್ಲಿ ಚಂದ್ರಗುಪ್ತನ ಹೆಸರಿಲ್ಲ, ಭದ್ರಬಾಹುವಿನ ಹೆಸರಿಲ್ಲ. ತಾನು ಉಪಾಸಕನೆಂದೂ ಸಂಘವನ್ನು ಸೇರಿ ಉದ್ಯಮಿಸಿದೆನೆಂದೂ ಅಶೋಕನು ಅಲ್ಲಿ ಹೇಳುವುದು ಬೌದ್ಧ ಸಂಘದ ಮಾತು. ಪಂಚಕಲ್ಯಾಣದ ಸ್ಮರಣಸಂಚಿಕೆಗಳಲ್ಲಿ ಈ ಶಾಸನವನ್ನೇ ಮುಂದಿಟ್ಟು ಎಲ್ಲವೂ ಪ್ರಮಾಣಿತವಾಯಿತೆಂದು ಬರೆಯುವ ರೂಢಿ ಕಾಣುತ್ತದೆ. ಧರ್ಮದ ಅಭಿಮಾನದಿಂದ ನುಡಿದರೂ ಉತ್ಪ್ರೇಕ್ಷೆಯು ಸತ್ಯಾಣುವ್ರತಕ್ಕೆ ಹೊರತಲ್ಲ. ರೈಸರ ವಾದವನ್ನು ಓದಿದವನು ಫ್ಲೀಟರ ವಾದವನ್ನೂ ಓದಬೇಕು. ಅನೇಕಾಂತವನ್ನು ಪ್ರವಚನದಲ್ಲಿ ಹೊಗಳಿ ಪುಸ್ತಕದ ಮುಂದೆ ಮರೆತರೆ ಏನು ಪ್ರಯೋಜನ?

ಹೊಸ ಗ್ರಂಥವೂ ಕೊನೆಯ ಮಾತಲ್ಲವೆಂಬುದಕ್ಕೆ ಚಿತ್ರದುರ್ಗದ ಮಗ್ಗುಲಲ್ಲಿಯೇ ಇರುವ ಚಂದ್ರವಳ್ಳಿ ಸಾಕ್ಷಿ. ಅಲ್ಲಿ ಉತ್ಖನನ ನಡೆಸಿದ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನು ಬೆಳಕಿಗೆ ತಂದು, ಕೆರೆಯ ನಿರ್ಮಾಣದೊಡನೆ ಅನೇಕ ರಾಜವಂಶಗಳ ಹೆಸರುಗಳನ್ನೂ ಅದರಲ್ಲಿ ಓದಿದರು. ಸವೆದ ಅಕ್ಷರಗಳ ಆ ಓದನ್ನು ಮುಂದಿನ ವಿದ್ವಾಂಸರು ಸಂದೇಹಿಸಿ ಬೇರೆ ಪಾಠಗಳನ್ನು ಸೂಚಿಸಿದ್ದಾರೆ. ತಿದ್ದಿಸಿಕೊಂಡುದರಿಂದ ಕೃಷ್ಣ ಅವರ ಹಿರಿಮೆಗೆ ಕುಂದೇನೂ ಬಂದಿಲ್ಲ.

ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರದಾನವನ್ನೂ ಎಣಿಸಿದ ಪರಂಪರೆ ನಮ್ಮದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಸ್ಮರಿಸದ ಸಭೆಯಿಲ್ಲ. ಆದರೂ ಬಸದಿಯ ಸಮಿತಿಗಳು ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಆ ಊರಿನ ಶಾಸನವು ಯಾವ ಸಂಪುಟದಲ್ಲಿದೆಯೆಂದು ನೋಡುವುದು ಅಪರೂಪ. ಸುಣ್ಣ ಬಳಿದ, ಗಾರೆಯಲ್ಲಿ ಮುಚ್ಚಿದ, ಮೆಟ್ಟಿಲಿಗೆ ಹಾಸಿದ ಶಾಸನಗಳು ನಾಡಿನಲ್ಲಿ ಎಷ್ಟಿಲ್ಲ! ಹೊಳಲ್ಕೆರೆಯ ಪಾರ್ಶ್ವಸೇನ ಭಟ್ಟಾರಕರು ಜೀರ್ಣೋದ್ಧಾರವನ್ನು ಕಲ್ಲಿನಲ್ಲಿ ಬರೆಯಿಸಿದರು. ಇಂದಿನ ಜೀರ್ಣೋದ್ಧಾರ ಕೆಲವೆಡೆ ಹಿಂದಿನ ಬರಹವನ್ನು ಅಳಿಸಿ ದಾನಿಗಳ ಹೆಸರಿನ ಅಮೃತಶಿಲೆಯನ್ನು ನಿಲ್ಲಿಸುತ್ತದೆ.

ಸಂಪುಟಗಳನ್ನು ತೆರೆಯುವವರಿಗೆ ಒಂದು ಎಚ್ಚರಿಕೆ ಅಗತ್ಯ. ಅವು ಅಂದಿನ ಗಡಿಗಳನ್ನು ಅನುಸರಿಸುತ್ತವೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ, ಹೊಯ್ಸಳರ ಕಾಲದ, 12ನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಹುಳಿಯಾರಿನ ಸಾಮಂತ ಮನೆತನಕ್ಕೆ ಸಂಬಂಧಿಸಿದ ಈ ಬಸದಿಯ ಶಾಸನವನ್ನು ಚಿತ್ರದುರ್ಗದ 11ನೆಯ ಸಂಪುಟದಲ್ಲಿ ಹುಡುಕಿದವರಿಗೆ ನಿರಾಶೆಯೇ ಗತಿ. ಅದು ತುಮಕೂರು ಜಿಲ್ಲೆಯ 12ನೆಯ ಸಂಪುಟದಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ 21ನೆಯ ಸಂಖ್ಯೆಯಾಗಿ ಅಚ್ಚಾಗಿದೆ.