ಚಿಕ್ಕವ್ವನ ಬಳೆ ಮಾರಿ ತಂದ ಡಾಲ್ಫಿನ್ ಕಾರು

ನಮ್ಮ ಚಿಕ್ಕವ್ವಾರು ಈಗಲೂ ಕಾರಿನ ಮಾತು ಬಂದ್ರ ಮಣಿಕಟ್ಟು ಸವರ್ಕತಾರ. ಅವರ ಎರಡು ಚಿನ್ನದ ಬಳೆ ಮಾರಿ, ಮಿಕ್ಕಿದ್ದಕ್ಕ ಸಾಲ ಮಾಡಿ, ಚಿಕ್ಕಪ್ಪಾರು ಬೆಂಗಳೂರಲ್ಲಿ ಡಾಲ್ಫಿನ್ ಕಾರು ತಗಂಡಿದ್ರು. ಅದರಲ್ಲಿ ಮೊದಲ ಸಲ ಕುದೇರಿಗ ಬಂದಾಗ ನಾನು ಹೈಸ್ಕೂಲು. ಬೀದಿ ಹುಡುಗ್ರೆಲ್ಲ ಸುತ್ಕಂಡು ಬೆರಳಲ್ಲಿ ಕುಟ್ಟಿ ನೋಡದೇಯ! ತಗಡಿನ ಸದ್ದೇ ಇಲ್ಲ. "ಇದು ಪ್ಲಾಸ್ಟಿಕ್ ಬಿಂದಿಗ ಕನ" ಅಂತ ನಮ್ಮಜ್ಜಿನೂ ನಕ್ಕುಬುಟ್ರು. ಚಿಕ್ಕವ್ವಾರ ಮುಖ ಸಣ್ಣಗಾಯ್ತು.

ಈ ಕಾರಿನ ತವರುಮನೆ ಇಂಗ್ಲೆಂಡು. ಟ್ಯಾಮ್‌ವರ್ತ್ ಅನ್ನೋ ಊರಿನ ರಿಲಯಂಟ್ ಕಂಪನಿ (ನಮ್ಮ ರಿಲಯನ್ಸ್ ಅಲ್ಲ) ಮೂರು ಚಕ್ರದ ಕಾರಿಗ ಹೆಸರುವಾಸಿ. ಅಲ್ಲಿ ಹಗುರವಾದ ಮೂರು ಚಕ್ರದ ಗಾಡಿ ಓಡಿಸಕ್ಕ ಮೋಟಾರ್ ಸೈಕಲ್ ಲೈಸೆನ್ಸೇ ಸಾಕಾಗಿತ್ತು, ತೆರಿಗೆನೂ ಕಮ್ಮಿ. ಜನ ಅದಕ್ಕೇ ಕೊಂಡ್ಕತಿದ್ರು. 1975ರಲ್ಲಿ ತಮ್ಮ ರಾಬಿನ್ ಕಾರಿನ ಮಾದರಿಲೇ ನಾಕು ಚಕ್ರದ ಕಿಟನ್ ಮಾಡಿದ್ರು. ಕಿಟನ್ ಅಂದ್ರ ಬೆಕ್ಕಿನ ಮರಿ. 848 ಸಿ.ಸಿ. ಅಲ್ಯೂಮಿನಿಯಂ ಎಂಜಿನ್ನು, ತುಕ್ಕು ಹಿಡಿಯದ ಫೈಬರ್ ಗ್ಲಾಸ್ ಮೈ. ಆದ್ರ ಇನ್ನೊಂದು ಚಕ್ರ ಸೇರಿದ್ದೇ ತಡ, ಲೈಸೆನ್ಸಿನ ಅನುಕೂಲ, ತೆರಿಗೆ ಉಳಿತಾಯ ಎರಡೂ ಹೋಯ್ತು. ಮಿನಿಯಂಥ ಕಾರುಗಳ ಎದುರು ನಿಲ್ಲಕ್ಕಾಗ್ನಿಲ್ಲ. ಸುಮಾರು 4,000 ಮಾಡಿ 1982ರಲ್ಲಿ ನಿಲ್ಲಿಸಿಬುಟ್ರು.

ಅಲ್ಲಿ ಬ್ಯಾಡಾದ ಕಾರಿಗ ಬೆಂಗಳೂರು ಗಂಡನ ಮನೆ ಆಯ್ತು. ಇಲ್ಲಿ ಮೊದಲು ಬಾದಲ್ ಅಂತ ಮೂರು ಚಕ್ರದ ಫೈಬರ್ ಕಾರು ಮಾಡ್ತಿದ್ದ ಸಿಪಾನಿಯವರೇ ಕಿಟನ್ನಿನ ಹಕ್ಕು ತಂದು, 1982ರಲ್ಲಿ ಡಾಲ್ಫಿನ್ ಅಂತ ಹೆಸರಿಟ್ಟರು. ಅಂಬಾಸಿಡರು, ಪದ್ಮಿನಿ ಬುಟ್ರ ಬೇರೆ ಕಾರು ಸಿಗದೇ ಕಷ್ಟವಾಗಿದ್ದ ಕಾಲ ಅದು.

ತಗಡಿನ ಕಾರು ಮಾಡಕ್ಕ ದೊಡ್ಡ ಪ್ರೆಸ್ಸು, ಉಕ್ಕಿನ ಅಚ್ಚು ಬೇಕು, ದುಡ್ಡು ಸುರೀಬೇಕು. ಫೈಬರಿಗ ಅಷ್ಟು ಬ್ಯಾಡ. ಬಿಂದಿಗ ಬೋರಲಾಕಿ, ನೆನಸಿದ ಪೇಪರು, ಮೆಂತ್ಯ ರುಬ್ಬಿ ಮೆತ್ತಿ, ಒಣಗಿದ ಮ್ಯಾಲ ಬಿಡಿಸಿ ಪುಟ್ಟಿ ಮಾಡ್ತಿರ್ನಿಲ್ವ, ಹಂಗೇಯ. ಅಚ್ಚಿಗ ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಬಳ್ದು, ಗಟ್ಟಿಯಾದ ಮ್ಯಾಲ ಬಿಡಿಸದು. ನಕ್ಕ ನಮ್ಮಜ್ಜಿನೇ ಅಂಥ ಪುಟ್ಟಿ ಎಷ್ಟು ಮಾಡಿದ್ರೋ! ಸಣ್ಣ ಕಂಪನಿಯವರು ಕಾರು ಮಾಡಕ್ಕಾದದ್ದೇ ಈ ಫೈಬರಿಂದ, ಜನ ನಕ್ಕದ್ದೂ ಅದಕ್ಕೇಯ.

1983ರ ಡಿಸೆಂಬರ್ 14ಕ್ಕ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದಕೈ ಕೊಟ್ಟರು. ಸರ್ಕಾರದ ಕಂಪನಿ, ಜಪಾನಿನ ಸುಜುಕಿ, ತಗಡಿನ ಮೈ, ಪಕ್ಕಕ್ಕ ನಾಕು ಬಾಗಿಲು. ಡಾಲ್ಫಿನ್ನಿಗ ಇದ್ದದ್ದು ಎರಡೇ. ಸೀರೆ ಉಟ್ಕಂಡು, ಮುಂದಿನ ಸೀಟು ಬಗ್ಗಿಸಿ ಹಿಂದಕ್ಕ ನುಗ್ಗೋ ಪಾಡು ನಂಗ ಗೊತ್ತು ಕನವ್ವ. ಆಮೇಲ ಸಿಪಾನಿಯವರು ನಾಕು ಬಾಗಿಲ ಮೊಂಟಾನ ಮಾಡಿದ್ರೂ ಜನ ಮಾರುತಿ ಕಡೆ ವಾಲಾಗಿತ್ತು. ಹಗುರ ಅಂತ ಡಾಲ್ಫಿನ್ನ ಇಷ್ಟಪಟ್ಟೋರು ರೇಸಿನವರು. ರೇಸಿನವರ ನಂಬ್ಕಂಡು ಕಾರ್ಖಾನೆ ನಡೀತದಾ?

ಚಿಕ್ಕಪ್ಪಾರು ಅದನ್ನ ಮಾರಿದಾಗ ಬಂದ ದುಡ್ಡಲ್ಲಿ ಒಂದು ಬಳೆನೂ ಆಗ್ನಿಲ್ಲ. "ನಾಕು ವರ್ಷದಲ್ಲಿ ಒಂದು ಚುಕ್ಕಿ ತುಕ್ಕು ಇರ್ನಿಲ್ಲ ಕನವ್ವ" ಅಂತಾರ ಚಿಕ್ಕವ್ವಾರು. ಕೊಂಡ್ಕಳಕ್ಕ ಬಂದೋನು ಮಾತಾಡದೇ ಸುತ್ತ ಒಂದು ಸಲ ಬೆರಳಲ್ಲಿ ಕುಟ್ಟಿ ನೋಡಿ, ಆಮೇಲ ರೇಟು ಹೇಳಿದ್ನಂತ.